ಮೀನಿಗೆ ಸಂಬಂಧ ನೋಡಿದ ಮಾಮ

ಮೀನಿನ ಮನೆತನ ವಿಚಾರಿಸಿ, ಗುಣ ನಡತೆ ತಿಳಿದುಕೊಂಡು, ಅಮಾವಾಸ್ಯೆ ಕಳೆದ ಮೇಲೆ ಮನೆ ತುಂಬಿಸಿಕೊಂಡ ಮನುಷ್ಯ ಇಡೀ ಕಲಬುರಗಿಯಲ್ಲಿ ಒಬ್ಬನೇ ಇದ್ದಾನೆ. ದುರ್ದೈವದಿಂದ ಅವನು ನನ್ನ ಸೋದರಮಾವ. ದುರ್ದೈವ ನನ್ನದೋ ಮೀನಿನದೋ, ಓದಿ ನೀವೇ ತೀರ್ಮಾನಿಸಿ. ನಾನು ಹೇಳಿದರೆ ಅದು ಮಾಮನ ಕಿವಿಗೆ ಹೋಗುತ್ತದೆ, ಮಾಮ ಫೋನ್ ಮಾಡುತ್ತಾನೆ, ಮಾಮನ ಫೋನ್ ಬಂತೆಂದರೆ ಶಾಲೆಯಲ್ಲಿ ನನ್ನ ಒಂದು ಪೀರಿಯಡ್ ಹೋಯಿತೆಂದೇ ತಿಳಿಯಬೇಕು.

ಮಾಮ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಜೀವಮಾನವೆಲ್ಲ ಬಸ್ಸುಗಳನ್ನು ಹೊರಡಿಸಿ ಹೊರಡಿಸಿ, ನಿಂತಿರುವ ಯಾವುದನ್ನೂ ನೋಡಿ ಸಹಿಸಲಾರದ ಸ್ಥಿತಿಗೆ ಬಂದಿದ್ದಾನೆ. ಓಣಿಯಲ್ಲಿ ಇಬ್ಬರು ಮಾತಾಡುತ್ತ ನಿಂತರೆ ಸಾಕು, "ಯಾವ ಕಡಿ ಹೊಂಟೀರಿ? ಹೊತ್ತಾತು ನಡೀರಿ" ಎಂದು ಅಟ್ಟುತ್ತಾನೆ. ಅವರು ತಮ್ಮ ಮನೆ ಬಾಗಿಲಲ್ಲೇ ನಿಂತಿದ್ದರೂ ಅಷ್ಟೇ! ನಿವೃತ್ತಿಯಾದ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ತಿರುಗುತ್ತಾನೆ. ಕಲಬುರಗಿಯ ಗಾಜಿಪುರ ಬಡಾವಣೆಯ ಮನೆಯಲ್ಲಿ ಅವನದೆಂದು ಒಂದು ಬೆತ್ತದ ಕುರ್ಚಿ ಇದೆ. ಅದರಲ್ಲಿ ಅವನು ಕೂತದ್ದನ್ನು ನಾನು ನೋಡಿಲ್ಲ. ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಇಟ್ಟು, ನಿಂತೇ ಚಹಾ ಕುಡಿದು, ಕಪ್ಪು ಬಸಿ ಇಟ್ಟು ಹೊರಟುಬಿಡುತ್ತಾನೆ. ಆದರೆ ಬೇರೆ ಯಾರಾದರೂ ಅದರಲ್ಲಿ ಕೂತರೋ, ಎಲ್ಲಿದ್ದರೂ ಬಂದು ಎದುರಿಗೆ ನಿಲ್ಲುತ್ತಾನೆ. ಕೂತವರು ತಾವಾಗಿಯೇ ಏಳುತ್ತಾರೆ.

ಆ ಮನೆಯಲ್ಲಿ ಹೀಗೆ ಜಾಗಗಳೆಲ್ಲ ಎಂದೋ ಹಂಚಿಕೆಯಾಗಿಬಿಟ್ಟಿವೆ. ಮಾಮನ ತಾಯಿ, ಅಂದರೆ ನಮ್ಮ ಆಯಿ, ಬೀದಿ ಕಿಟಕಿಯ ಕೆಳಗೆ ಮಂಚ ಹಾಕಿಕೊಂಡು ಅಲ್ಲಿಂದಲೇ ಅರ್ಧ ಗಾಜಿಪುರವನ್ನು ಆಳುತ್ತಾಳೆ. ಯಾರ ಮನೆಗೆ ಯಾರು ಬಂದರು, ಏನು ತಂದರು, ಹೋಗುವಾಗ ಮುಖ ಹೇಗಿತ್ತು, ಎಲ್ಲ ಆ ಮಂಚಕ್ಕೆ ಗೊತ್ತು. ಒಳಗೆ ಮಾಮಿಯ ಅಡುಗೆಮನೆ. ಹಲಗೆಯ ಮೇಲೆ ಅವಳ ಡಬ್ಬಿಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅವಳು ಕಣ್ಣು ಮುಚ್ಚಿ ಕೈ ಚಾಚಿದರೆ ಉಪ್ಪು ಬೇಕಾದಾಗ ಉಪ್ಪು, ಶೇಂಗಾ ಹಿಂಡಿ ಬೇಕಾದಾಗ ಹಿಂಡಿ. ಒಮ್ಮೆ ನಾನು ಸಹಾಯ ಮಾಡಲು ಹೋಗಿ ಅರಿಶಿನದ ಡಬ್ಬಿಯನ್ನು ಜೀರಿಗೆಯ ಪಕ್ಕ ಇಟ್ಟಿದ್ದೆ. ಮಾಮಿ ಬೈಯಲಿಲ್ಲ, ನಿಟ್ಟುಸಿರು ಬಿಟ್ಟು ಮತ್ತೆ ಸರಿಸಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಕಂಟ್ರೋಲರ್ ಕೆಲಸ ಮಾಮನಿಗೆ ಹೊಟ್ಟೆಪಾಡು. ಸಂಬಂಧ ಕೂಡಿಸುವುದು ಹುಟ್ಟುಗುಣ. ಬೀದರ ಬಸ್ಸಿಗೆ ಕಾಯುತ್ತ ಕೂತವರನ್ನು ನೀರು ಕೊಟ್ಟು ಮಾತಿಗೆಳೆದು, ಮಗಳು ಎಲ್ಲಿತನಕ ಓದಿದ್ದಾಳೆ ಎಂದು ತಿಳಿದುಕೊಂಡು, ಸೇಡಂ ಬಸ್ಸಿಗೆ ಕಾಯುತ್ತಿದ್ದ ಇನ್ನೊಬ್ಬರ ಪಕ್ಕ ಕೂಡಿಸುತ್ತಿದ್ದ. ಅವರ ಮಾತು ಮುಗಿಯುವವರೆಗೆ ಎರಡೂ ಬಸ್ಸುಗಳು ಯಾಕೆ ಹೊರಡಲಿಲ್ಲ ಎಂದು ಪ್ರಯಾಣಿಕರಿಗೆ ಇವತ್ತಿಗೂ ಗೊತ್ತಿಲ್ಲ! ಬಸ್ಸುಗಳನ್ನು ಅವನು ತಡೆದದ್ದು ಈ ಒಂದು ಕಾರಣಕ್ಕೆ ಮಾತ್ರ. ಹಾಗೆ ಕೂಡಿದ ಜೋಡಿಗಳು ಈಗಲೂ ದೀಪಾವಳಿಗೆ ಅವನ ಮನೆಗೆ ಉಂಡಿ ಚಕ್ಕುಲಿ ಕಳಿಸುತ್ತವೆ.

ನನ್ನ ಸಂಬಂಧವನ್ನೂ ಅವನೇ ಕೂಡಿಸಿದ. ನನಗೆ ಅಪ್ಪ ಅವ್ವ ಇಬ್ಬರೂ ಇಲ್ಲ, ತವರು ಅಂದರೆ ಮಾಮನ ಮನೆಯೇ. ಅದೊಂದು ಸಂಬಂಧ ಮಾತ್ರ ಕೂಡಲಿಲ್ಲ. ಹೊಡೆತ ಬಡಿತ ಏನೂ ಇಲ್ಲ, ಕತೆ ಹೇಳಿದರೆ ಕೇಳಿದವರಿಗೆ ನಿರಾಸೆಯಾಗುತ್ತದೆ. ಗಂಡನ ಆ ಮನೆಯಲ್ಲಿ ನಾನು ಎಲ್ಲಿ ಕೂತರೂ ಅದು ಯಾರದೋ ಜಾಗವಾಗಿರುತ್ತಿತ್ತು, ಅಷ್ಟೇ. ಅದು ಅತ್ತೆಯ ಮಣೆ, ಅದು ಮೈದುನನ ಮೂಲೆ, ಆ ಮೊಳೆ ಮಾವನವರ ಟೊಪ್ಪಿಗೆಗೆ. ಹೊಂದಿಕೊಂಡು ಹೋಗಬೇಕು ಅಂದರು. ಕೆಲವು ವರ್ಷ ಗೋಡೆಗೆ ಒರಗಿ ನಿಂತು ಹೊಂದಿಕೊಂಡೆ, ಕಾಲು ನೋಯತೊಡಗಿದ ಮೇಲೆ ಬಂದುಬಿಟ್ಟೆ.

ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಇತ್ತು. ಅಲ್ಲೇ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದೆ. ಮಾಮ ಬಿಡಲಿಲ್ಲ. "ಗಾಜಿಪುರಕ್ಕ ಬಾ ಯವ್ವಾ. ಅಲ್ಲಿಂದ ದಿನಾ ಬಸ್ಸಿನ್ಯಾಗ ಹೋಗಿ ಬರು. ಬಸ್ಸಿನ ವಿಚಾರ ನನಗ ಬಿಡು" ಎಂದು ವಾರವಾರ ಕರೆದ. ನಾನು ಬರಲ್ಲ ಎಂದೆ. ಆಯಿಯ ಮಂಚ, ಮಾಮಿಯ ಡಬ್ಬಿ, ಮಾಮನ ಕುರ್ಚಿ, ಇವುಗಳ ನಡುವೆ ಮತ್ತೆ ಯಾವ ಗೋಡೆಗೆ ಒರಗಲಿ? ಅವರೆಲ್ಲ ನನ್ನ ಮೇಲೆ ಜೀವ ಇಟ್ಟವರು ನಿಜ. ಆ ಮನೆಗೆ ನೆಂಟಳಾಗಿ ಹೋಗುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ, ಇರಲು ಹೋಗುವುದಕ್ಕೆ ಇತ್ತು. ಹಾಗೆಂದು ಕಮಲಾಪುರದಲ್ಲಾದರೂ ನೆಲೆ ನಿಂತೆನೇ? ಅದೂ ಇಲ್ಲ. ಎರಡು ಸೂಟ್‌ಕೇಸುಗಳನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿ, ಬೇಕಾದ ಸೀರೆಯನ್ನು ಅದರೊಳಗಿಂದಲೇ ಎಳೆದು ಉಡುತ್ತಿದ್ದೆ. ಶನಿವಾರ ಮಧ್ಯಾಹ್ನವಾದರೆ ಆ ಕೋಣೆಯಲ್ಲಿ ಕೂರಲಾಗದೆ ಕಲಬುರಗಿ ಬಸ್ಸು ಹತ್ತುತ್ತಿದ್ದೆ, ತಾಜಸುಲ್ತಾನಪುರ ದಾಟುವಷ್ಟರಲ್ಲಿ ಯಾಕಾದರೂ ಹೊರಟೆನೋ ಅನ್ನಿಸುತ್ತಿತ್ತು.

ನಾನು ಗಂಡನ ಮನೆ ಬಿಟ್ಟು ಬಂದ ಮೇಲೆ ಮಾಮ ಸಂಬಂಧ ನೋಡುವುದನ್ನು ನಿಲ್ಲಿಸಿಬಿಟ್ಟ. ಯಾರಾದರೂ ಫೋಟೊ ಹಿಡಿದುಕೊಂಡು ಬಂದರೆ "ನನ್ನ ಕೈಗುಣ ಸರಿ ಇಲ್ಲರಿ" ಎಂದು ಚಹಾ ಕುಡಿಸಿ ಕಳಿಸುತ್ತಿದ್ದ. ಅದರಲ್ಲೇ ಅನಾಹುತ ಆದದ್ದು. ಅಷ್ಟು ದೊಡ್ಡ ಚಟವನ್ನು ಒಮ್ಮೆಲೇ ಬಿಟ್ಟ ಮನುಷ್ಯನ ಕೈ ಕಾಲು ಸುಮ್ಮನೆ ಇರುತ್ತವೆಯೇ?

ಜಗತ್ ಸರ್ಕಲ್ ಕಡೆ ಒಂದು ಹಳೆಯ ಲಾಡ್ಜು ಮುಚ್ಚುತ್ತಿತ್ತು. ಅದರ ಮುಂಗಟ್ಟಿನಲ್ಲಿ ಒಂದು ಆಳುದ್ದದ ಅಕ್ವೇರಿಯಂ. ಬಿಕೋ ಎನ್ನುತ್ತಿದ್ದ ಆ ಗಾಜಿನ ಮನೆಯನ್ನು ನೋಡಿದ ತಕ್ಷಣ ಮಾಮನಿಗೆ ಅದನ್ನು ತುಂಬಿಸಬೇಕು ಅನ್ನಿಸಿತಂತೆ. ಟೆಂಪೋದಲ್ಲಿ ಹಾಕಿಸಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಗಾಜಿಪುರಕ್ಕೆ ತಂದ. ಓಣಿಯ ತಿರುವಿನಲ್ಲಿ ಟೆಂಪೋ ಹಿಡಿಸಲಿಲ್ಲ. ನಾಲ್ಕು ಜನ ಭುಜ ಕೊಟ್ಟು ಹೊತ್ತರು. ಮಾಮ ಮುಂದೆ ಮುಂದೆ ತಲೆತಗ್ಗಿಸಿ, ಹಾದಿಯ ಕಲ್ಲು ನೋಡುತ್ತ ನಡೆದ. ನಾಲ್ಕು ಜನ, ಬಿಳಿ ಬಟ್ಟೆ, ಗಾಜಿನ ಪೆಟ್ಟಿಗೆ, ತಲೆತಗ್ಗಿಸಿದ ಮಗ! ನೆಂಟರು ಬರುವತನಕ ಸತ್ತವರನ್ನು ತಂಪಾಗಿ ಇಡುವ ಪೆಟ್ಟಿಗೆ ಬಂತೆಂದು ಓಣಿಯವರು ತಿಳಿದರೆ ಅವರದೇನು ತಪ್ಪು?

ಹೆಂಗಸರು ಸೆರಗು ಹೊದ್ದುಕೊಂಡು ಬಂದರು. ಆಯಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಪಕ್ಕದ ಮನೆಯಾಕೆ ಮಂಚದ ಕಾಲಬುಡದಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ, "ಏನೂ ನರಳಲಿಲ್ಲ, ಮಲಗಿದಲ್ಲೇ ಹೋಗಿಬಿಟ್ಟಳಲ್ಲವ್ವಾ" ಎಂದಳು. ಆಯಿ ಒಂದು ಕಣ್ಣು ತೆರೆದು ಕೇಳಿದಳು, "ಯಾರು ಹೋದ್ರವಾ?"

ಆ ಕಿರುಚಾಟ ಸ್ಟೇಶನ್ ತನಕ ಕೇಳಿಸಿರಬೇಕು. ಅವತ್ತಿನಿಂದ ಆಯಿ ಅಕ್ವೇರಿಯಂಗೆ ನನ್ನ ಪೆಟ್ಟಿಗಿ ಎಂದೇ ಕರೆಯುವುದು. "ನಾ ಮಲಗೋದ್ರೊಳಗ ಅದರಾಗ ಮೀನ ಬಿಡಾಕತ್ತಾನ ನೋಡು ನನ್ನ ಮಗ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಅಷ್ಟು ದೊಡ್ಡ ಟ್ಯಾಂಕಿಗೆ ಪುಟ್ಟ ಮೀನು ಒಪ್ಪುವುದಿಲ್ಲ, ಸಿಕ್ಲಿಡ್ ಜಾತಿಯ ದೊಡ್ಡ ಮೀನೇ ಆಗಬೇಕು ಎಂದು ಮಾಮ ಮೊಬೈಲಿನ ವಿಡಿಯೊ ನೋಡಿ ತಿಳಿದುಕೊಂಡ. ತೊಂದರೆ ಏನೆಂದರೆ ಈ ಸಿಕ್ಲಿಡ್‌ಗಳೆಲ್ಲ ಮಹಾ ಸಿಟ್ಟಿನ ಕುಳಗಳು. ನಾಯಿಯಂತೆ ಮನುಷ್ಯರ ಗುರುತು ಹಿಡಿಯುತ್ತವೆ, ಹಠ ಮಾಡುತ್ತವೆ, ಜಾಗಕ್ಕಾಗಿ ಹೊಡೆದಾಡುತ್ತವೆ. ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ನೋಡಿ ಬಿಡಬೇಕು. ಹೊಂದುತ್ತದೆಯೇ ಎಂದು ನೋಡುವುದು! ಮಾಮನ ಕಣ್ಣಿಗೆ ಹಳೆಯ ಹೊಳಪು ಬಂತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ, ಮಾಮಿಗೆ ರೇಷ್ಮೆ ಸೀರೆ ಉಡಲು ಹೇಳಿದ, ಆಯಿಯನ್ನು ಆಟೋದಲ್ಲಿ ಹತ್ತಿಸಿದ. ಆ ಭಾನುವಾರ ಸಿಕ್ಕಿಬಿದ್ದ ನನ್ನನ್ನೂ ಬಿಡಲಿಲ್ಲ. ನಾಲ್ವರೂ ಮೀನಿನ ಅಂಗಡಿಗೆ ಹೋಗಿ ಸಾಲಾಗಿ ಕೂತೆವು. ಮಾಮ ಮಾತ್ರ ನಿಂತಿದ್ದ.

ಅಂಗಡಿಯವನು ಆಸ್ಕರ್ ಎಂಬ ಕಪ್ಪು ಕೆಂಪು ಮೀನು ತೋರಿಸಿದ. "ಚಾಚಾ, ಯೇ ಬಹುತ್ ಸಮಝ್‌ದಾರ್ ಹೈ, ಭಾಳ ಶಾಣ್ಯಾ ಅದ. ಮಾಲಿಕ್ ಬಂದ್ರ ಓಡಿ ಬರ್ತದ್ರೀ."

"ಮನಿತನ ಹ್ಯಾಂಗ?" ಎಂದ ಮಾಮ.

"ಜೀ?"

"ಇದರ ಕಡಿಯವರು ಹ್ಯಾಂಗ ಅಂತ ಕೇಳಾಕತ್ತೀನಿ. ಸಿಟ್ಟು ಸೆಡವು?"

ಅಂಗಡಿಯವನು ನನ್ನ ಮುಖ ನೋಡಿದ. ನಾನು ಹೊರಗೆ ಟ್ರಾಫಿಕ್ ನೋಡಿದೆ. ಅಷ್ಟರಲ್ಲಿ ಆಯಿ ಸೆರಗು ಸರಿಮಾಡಿಕೊಂಡು, "ಒಂದೀಟು ಆ ತುದಿಯಿಂದ ಈ ತುದಿಗಿ ಬರಲಿ, ನಡಿಗಿ ನೋಡೂಣು" ಎಂದಳು. ಅಂಗಡಿಯವನು ಒಂದು ಕಾಳು ಹಾಕಿದ, ಆಸ್ಕರ್ ಗಂಭೀರವಾಗಿ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. "ಕಣ್ಣು ಭಾಳ ತಿರಗಸ್ತದ" ಎಂದು ಮಾಮಿ ಸಣ್ಣ ದನಿಯಲ್ಲಿ ಆಕ್ಷೇಪ ಎತ್ತಿದಳು. ಮಾಮ ತಳ್ಳಿಹಾಕಿದ. ಮನೆಗೆ ಹೋಗಿ ತಿಳಿಸುತ್ತೇವೆ ಎಂದು ಹೇಳಿ ಎದ್ದು ಬಂದೆವು! ಅಮಾವಾಸ್ಯೆ ಕಳೆದ ಮೇಲೆ ಗುರುವಾರ ಹೋಗಿ ತಂದ. ಟ್ಯಾಂಕಿನ ಮುಂದೆ ಕಾಯಿ ಒಡೆದು, ಮಾಮಿಯ ಕೈಯಲ್ಲಿ ಆರತಿ ಮಾಡಿಸಿ ಆಸ್ಕರನ್ನು ನೀರಿಗೆ ಬಿಟ್ಟ.

ಮರುದಿನ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ನಡೆಯುತ್ತಿದ್ದಾಗ ಫೋನ್. "ಹೋತಲ್ಲ ಯವ್ವಾ! ಮಗ್ಗಲಾಗಿ ಮಕ್ಕೊಂಡದ. ಕಾಳು ಹಾಕಿದ್ರ ಬಾಯಿ ತೆರಿವಲ್ಲದು. ನೀ ಸೈನ್ಸ್ ಟೀಚರಿದ್ದಿ, ಲಗೂ ಬಾ!" ನಾನು ಎಂಟನೇ ಇಯತ್ತೆಗೆ ಸಸ್ಯಗಳ ಆಹಾರ ತಯಾರಿಕೆ ಕಲಿಸುವವಳು, ಮೀನಿಗೆ ನಾಡಿ ನೋಡುವುದು ನನಗೆಲ್ಲಿ ಬರಬೇಕು? ಆದರೂ ಅರ್ಧ ದಿನ ರಜೆ ಹಾಕಿ ಹೋದೆ. ಆಸ್ಕರ್ ಟ್ಯಾಂಕಿನ ತಳದಲ್ಲಿ ಒಂದು ಪಕ್ಕಕ್ಕೆ ಉರುಳಿ ಬಿದ್ದಿತ್ತು. ಮಾಮ ಗಾಜಿಗೆ ಹಣೆ ಹಚ್ಚಿ ನಿಂತಿದ್ದ. ನಾನು ಮೊಬೈಲಿನಲ್ಲಿ ಹುಡುಕಿ ನೋಡಿದೆ. ಆಸ್ಕರ್ ಮೀನಿಗೆ ಜಾಗ ಬದಲಾದರೆ ಮುನಿಸು ಬರುತ್ತದಂತೆ, ಸತ್ತಂತೆ ಮಲಗಿಬಿಡುತ್ತದಂತೆ, ಒಂದೆರಡು ದಿನದಲ್ಲಿ ತಾನಾಗಿ ಏಳುತ್ತದಂತೆ.

ಕೇಳಿಸಿಕೊಂಡ ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. "ನಾನೂ ಲಗ್ನಾಗಿ ಬಂದಾಗ ಹಿಂಗೇ ಗ್ವಾಡಿ ಕಡಿ ಮಾರಿ ಮಾಡಿ ಮಕ್ಕೊಂಡಿದ್ದೆ. ಅವಾಗ ಯಾರೂ ಯಾರಿಗೂ ಫೋನ್ ಹಚ್ಚಲಿಲ್ಲ."

ಮಾಮ ಹಾಲು ತರುತ್ತೇನೆ ಎಂದು ಹೊರಗೆ ಹೋದ. ಮನೆಯಲ್ಲಿ ಹಾಲಿತ್ತು.

ಆಸ್ಕರ್ ಎದ್ದಿತು. ಎದ್ದದ್ದಷ್ಟೇ ಅಲ್ಲ, ಬಲಗಡೆಯ ಚಪ್ಪಟೆ ಕಲ್ಲಿನ ಹಿಂದೆ ಒಂದು ಮೂಲೆ ಹಿಡಿದು, ಅಲ್ಲಿಂದ ಇಡೀ ಟ್ಯಾಂಕಿನ ಮೇಲೆ ಯಜಮಾನಿಕೆ ಶುರುಮಾಡಿತು. ಅದಕ್ಕೆ ಜೊತೆ ಬೇಕೆಂದು ಮಾಮ ಎರಡನೆಯ ಸಂಬಂಧ ನೋಡಿದ. ಫ್ಲವರ್‌ಹಾರ್ನ್ ಎಂಬ ಮೀನು, ಹಣೆಯ ಮೇಲೆ ಗಡ್ಡೆಯಂತೆ ಉಬ್ಬು. "ಹಣಿ ನೋಡು, ಹಣಿ! ಭಾಗ್ಯವಂತ" ಎಂದು ಮಾಮ ಮರುಳಾಗಿಬಿಟ್ಟ. ಇದು ಯಾರ ಜೊತೆಗೂ ಇರುವ ಪ್ರಾಣಿಯಲ್ಲ, ಒಂಟಿಯಾಗಿಯೇ ಇಡಬೇಕು ಎಂದು ಅಂಗಡಿಯವನು ಹೇಳಿದ, ನಾನು ಹೇಳಿದೆ, ಮೊಬೈಲು ಹೇಳಿತು. ಮಾಮ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. "ಮೊದಮೊದಲ ಎಲ್ಲಾರೂ ಹಂಗೇ. ಹೊಂದಿಕೊಂಡು ಹೋಗ್ತದ."

ಎಲ್ಲಿ ಹೊಂದಿಕೊಳ್ಳುತ್ತದೆ! ಫ್ಲವರ್‌ಹಾರ್ನ್ ಗಾಜಿನಲ್ಲಿ ಕಂಡ ತನ್ನ ಮುಖವನ್ನೇ ಹಗೆಯೆಂದು ತಿಳಿದು ಡಿಕ್ಕಿ ಹೊಡೆಯುವ ಪೈಕಿ. ಇನ್ನು ನಿಜವಾದ ಎದುರಾಳಿ ಸಿಕ್ಕರೆ ಬಿಡುತ್ತದೆಯೇ? ಎರಡೂ ಬಾಯಿಗೆ ಬಾಯಿ ಕಚ್ಚಿಕೊಂಡು ಟ್ಯಾಂಕಿನ ತುಂಬ ತಿರುಗಿದವು. ನೀರು ಚೆಲ್ಲಿ ಆಯಿಯ ಹಾಸಿಗೆ ತೋಯಿತು. ಮಾಮ ಜಗಳ ಬಿಡಿಸಲು ಮಾಮಿಯ ಜರಡಿಯನ್ನು ನೀರಿಗೆ ಇಳಿಸಿದ, ಮಾಮಿ ಜರಡಿ ಬಿಡಿಸಲು ಮಾಮನ ಕೈ ಎಳೆದಳು. ಆಯಿ ಮಂಚದ ಮೇಲೆ ನಿಂತು "ಬಿಡ್ರಿ, ಬಡಿದಾಡಲಿ, ಒಂದು ಇತ್ಯರ್ಥ ಆಗಲಿ" ಎಂದು ಕೂಗುತ್ತಿದ್ದಳು. ಆಸ್ಕರಿನ ಬಾಲ ಹರಿದು ಚಿಂದಿಯಾಯಿತು.

ಆ ಶನಿವಾರ ನಾನು ಹೋದಾಗ ಫ್ಲವರ್‌ಹಾರ್ನ್ ಇರಲಿಲ್ಲ. ಎಲ್ಲಿ ಹೋಯಿತು ಎಂದು ಕೇಳಿದೆ. ಮಾಮ ಚಹಾ ಕುಡಿಯುತ್ತ ನಿಂತಿದ್ದವನು ಸಹಜವಾಗಿ, "ಹೊಂದಲಿಲ್ಲವಾ. ತವರಿಗೆ ಕಳಿಸಿಬಿಟ್ಟೆ" ಎಂದ.

ಅಂದುಬಿಟ್ಟ ಮೇಲೆ ಅವನಿಗೆ ಗೊತ್ತಾಯಿತು. ಮಾಮಿ ಒಳಗೆ ಲಟ್ಟಣಿಗೆ ಇಟ್ಟ ಸದ್ದು ಕೇಳಿಸಿತು. ಆಯಿ ಕಿಟಕಿ ಕಡೆ ತಿರುಗಿದಳು. ನಾನೇ ನಗುತ್ತ, "ತವರಿನವರು ಸೇರಿಸಿಕೊಂಡರೋ ಇಲ್ಲವೋ?" ಎಂದು ಕೇಳಿದೆ. ಮಾಮನ ಕಣ್ಣಲ್ಲಿ ನೀರು ಬಂದುಬಿಟ್ಟಿತು. "ನಾ ಸೇರಿಸ್ಕೊತೀನಂತೀನಿ, ಅಕಿನೇ ಬರವಲ್ಲಳು" ಎಂದು ಗೋಡೆಗೆ ಹೇಳಿ, ಬಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಓಣಿಗೆ ಇಳಿದುಹೋದ. ನನಗೂ ಅಲ್ಲಿ ಕೂರಲಾಗಲಿಲ್ಲ, ಊಟಕ್ಕೂ ನಿಲ್ಲದೆ ಕಮಲಾಪುರದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಇಡೀ ದಾರಿ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಮಾಮ ಛಲ ಬಿಡಲಿಲ್ಲ. ಈ ಸಲ ಸಾಧು ಸ್ವಭಾವದ್ದೇ ಬೇಕೆಂದು ಸೆವೆರಮ್ ಎಂಬ ಬಂಗಾರ ಬಣ್ಣದ ಮೀನು ತಂದ. ಅದಾದ ಕೆಲವು ವಾರಕ್ಕೆ, ಮುಖದ ಮೇಲೆ ಹಸಿರು ಗೆರೆಗಳಿರುವ ಗ್ರೀನ್ ಟೆರರ್ ತಂದ. ಒಂದೊಂದನ್ನೂ ಒಳ್ಳೆಯ ದಿನ ನೋಡಿ, ಒಂದೊಂದಾಗಿ, ಆರತಿ ಮಾಡಿಸಿಯೇ ತಂದದ್ದು. ನೆಲೆಯೂರಿದ ಮನೆಗೆ ಹೊಸಬರು ಒಬ್ಬೊಬ್ಬರಾಗಿ ಬಂದು ಹಿರಿಯರ ಕೈಕೆಳಗೆ ಪಳಗಬೇಕು ಎಂಬುದು ಅವನ ಜನ್ಮದ ನಂಬಿಕೆ. ನಮ್ಮ ಕಡೆ ಸೊಸೆಯಂದಿರನ್ನು ತರುವುದೂ ಹೀಗೇ ಅಲ್ಲವೇ? ಆಸ್ಕರಿಗಂತೂ ಇದು ಹಬ್ಬವಾಯಿತು. ಹೊಸದು ಎಲ್ಲಿ ನಿಂತರೂ ಬಂದು ಗುದ್ದುತ್ತಿತ್ತು. ಕಲ್ಲಿನ ಹಿಂದೆ ಹೋದರೆ ಗುದ್ದು, ಮಡಕೆ ಚೂರಿನ ಕೆಳಗೆ ಹೊಕ್ಕರೆ ಗುದ್ದು.

ಬೇಸಿಗೆ ಬಂತು. ಕಲಬುರಗಿಯ ಬೇಸಿಗೆಯಲ್ಲಿ ಮನುಷ್ಯರೇ ಬೇಯುತ್ತಾರೆ, ಟ್ಯಾಂಕಿನ ನೀರು ಬೆಚ್ಚಗಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಆಯಿಗೆ ಎಚ್ಚರವಾದಾಗ ಮೈಯೆಲ್ಲ ಬೆವರು. ಮಂಚದ ಪಕ್ಕದಲ್ಲಿದ್ದ ಕೂಲರ್ ಮಾಯ! ನೋಡಿದರೆ ಅದು ಅಕ್ವೇರಿಯಂ ಕಡೆ ಮುಖ ಮಾಡಿ ಭರ್ರೆಂದು ತಂಗಾಳಿ ಬೀಸುತ್ತಿತ್ತು.

"ಏ, ನಿನ್ನ ಹಡದಾಕಿ ನಾನೋ ಆ ಮೀನೋ?" ಎಂದಳು ಆಯಿ.

"ನಿನಗ ಬೀಸಣಿಕಿ ಅದಲ್ಲವ್ವಾ. ಅವಕ್ಕ ಕೈ ಇಲ್ಲ" ಎಂದ ಮಾಮ.

ಆಯಿ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಹೇಳಬೇಕಾದ್ದನ್ನೆಲ್ಲ ಮೀನಿಗೆ ಹೇಳುತ್ತಿದ್ದಳು. "ಆಸ್ಕರಾ, ನಿಮ್ಮಪ್ಪಗ ಹೇಳು, ಗುಳಗಿ ತೀರ್‍ಯಾವ ಅಂತ."

ಆ ಬೇಸಿಗೆ ರಜೆಯಲ್ಲಿ ಶಾಲೆಯಿಲ್ಲದೆ ಕಮಲಾಪುರದ ಕೋಣೆ ನನಗೆ ಇನ್ನಷ್ಟು ಇಕ್ಕಟ್ಟಾಗಿತ್ತು. ಎರಡು ದಿನಕ್ಕೊಮ್ಮೆ ಅಲ್ಲಿಯ ಕೆಂಪು ಬಾಳೆಹಣ್ಣು ಕಟ್ಟಿಸಿಕೊಂಡು ಗಾಜಿಪುರಕ್ಕೆ ಹೋಗುತ್ತಿದ್ದೆ, ಸಂಜೆಗೆ ಹಿಂದಿರುಗುತ್ತಿದ್ದೆ. ಹೋದಾಗಲೆಲ್ಲ ಗ್ರೀನ್ ಟೆರರ್ ಒಂದೇ ಕಡೆ ಕಾಣಿಸುತ್ತಿತ್ತು. ಟ್ಯಾಂಕಿನ ಮೇಲಿನ ಮೂಲೆ, ನೀರು ಬೀಳುವ ಕೊಳವೆಯ ಕೆಳಗೆ, ಗಾಜಿಗೆ ಮೈ ಒತ್ತಿಕೊಂಡು, ರೆಕ್ಕೆ ಮಡಚಿ. ತಿನ್ನಲೂ ಕೆಳಗೆ ಇಳಿಯುತ್ತಿರಲಿಲ್ಲ. ಹೆಸರಿಗೆ ಟೆರರ್, ಬಾಳು ಇದು! ನೋಡಿದರೆ ನನಗೆ ಗಂಡನ ಮನೆಯಲ್ಲಿ ನಾನು ಒರಗಿ ನಿಲ್ಲುತ್ತಿದ್ದ ಗೋಡೆ ನೆನಪಾಗುತ್ತಿತ್ತು. ಒಂದು ದಿನ ತಡೆಯದೆ, "ಮಾಮಾ, ಇದನ್ನೂ ಅಂಗಡಿಗೆ ಕೊಟ್ಟುಬಿಡು, ಪಾಪ" ಎಂದೆ. ಮಾಮ ಮೀನನ್ನು ನೋಡಿದ, ನನ್ನನ್ನು ನೋಡಿದ. "ಕೊಡೂದಿಲ್ಲ" ಎಂದ. ಅಷ್ಟು ಕಡಿಮೆ ಮಾತಿನಲ್ಲಿ ಅವನು ಉತ್ತರ ಕೊಟ್ಟದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ನಡೆದದ್ದಕ್ಕೆ ನಳದ ನೀರೇ ಕಾರಣ. ಬಹಳ ದಿನ ಬಾರದಿದ್ದ ನೀರು ಒಂದು ಬೆಳಿಗ್ಗೆ ಬಂತು. ಇವತ್ತು ಟ್ಯಾಂಕು ತೊಳೆಯದಿದ್ದರೆ ಮುಂದಿನ ನೀರಿನವರೆಗೆ ತಾನು ಈ ವಾಸನೆಯಲ್ಲಿ ರೊಟ್ಟಿ ಬಡಿಯುವುದಿಲ್ಲ ಎಂದು ಮಾಮಿ ಸಾರಿದಳು. ಮಾಮ ಮೂರೂ ಮೀನುಗಳನ್ನು ಡ್ರಮ್ಮಿಗೆ ಹಾಕಿ, ಕಲ್ಲು, ಮಡಕೆ ಚೂರು, ಮರದ ಬೇರು ಎಲ್ಲ ತೆಗೆದು ಅಂಗಳದಲ್ಲಿ ರಾಶಿ ಹಾಕಿದ. ಒಳಗೆ ತಿಕ್ಕಿ ತೊಳೆದು ಬರುವಷ್ಟರಲ್ಲಿ ರಾಶಿ ಚೆಲ್ಲಾಪಿಲ್ಲಿ. ಆಸ್ಕರಿನ ಆ ಚಪ್ಪಟೆ ಕಲ್ಲಿಗೆ ಆಯಿ ಹಿಮ್ಮಡಿ ಉಜ್ಜುತ್ತ ಕೂತಿದ್ದಳು! ಕೊಡಲಾರೆ ಎಂದಳು, ಕೂಲರಿನ ಸೇಡು ತೀರಬೇಕಲ್ಲ. ಮಾಮ ಉಳಿದದ್ದನ್ನು ಕೈಗೆ ಸಿಕ್ಕ ಹಾಗೆ ಒಳಗಿಟ್ಟು, ಹೊಸ ನೀರಿನ ಕ್ಲೋರಿನ್ನಿಗೆ ಔಷಧಿ ಹಾಕಿ, ಮೂರೂ ಮೀನುಗಳನ್ನು ಒಟ್ಟಿಗೇ ಬಿಟ್ಟ.

ಆ ದಿನ ನನಗೆ ಬಂದ ಫೋನಿನಲ್ಲಿ ಮಾಮನ ದನಿಯೇ ಬೇರೆ ಇತ್ತು.

"ಯವ್ವಾ, ಆಸ್ಕರ್ ತನ್ನ ಮೂಲಿ ಹುಡಕಾಕತ್ತದ. ಸಿಗವಲ್ಲದು. ಬಂಗಾರದ್ದೂ ಹುಡಕಾಕತ್ತದ. ಹಸರಂದು ಕೆಳಗ ಇಳದದ ನೋಡು, ನಡೂಮಧ್ಯ ಬಂದು ಕಾಳು ತಿಂದದ. ಯಾರೂ ಯಾರಿಗೂ ಗುದ್ದವಲ್ಲವು."

"ಒಳ್ಳೆಯದಾಯಿತು ಬಿಡು ಮಾಮಾ" ಎಂದೆ.

"ಒಳ್ಳೇದಾತು ಅಂದ್ರ ಮುಗೀತಾ? ಕೇಳಿಲ್ಲಿ. ನಾ ಇಷ್ಟ ದಿನ ಮೀನಿನ ಗುಣ ನೋಡಿದೆ, ಹಣಿ ನೋಡಿದೆ, ನಡಿಗಿ ನೋಡಿದೆ. ಬರೋರಿಗೆ ಜಾಗ ಎಲ್ಲದ ಅಂತ ಮಾತ್ರ ನೋಡಲಿಲ್ಲ. ಮೂಲಿಯೆಲ್ಲಾ ಒಬ್ಬೊಬ್ಬರು ಹಿಡಕೊಂಡು ಕುಂತ್ರ ಬಂದಾಕಿ ಎಲ್ಲಿ ನಿಲ್ಲಬೇಕು?"

ಮೀನಿನ ಬಗ್ಗೆ ಮಾತಾಡುವಾಗ ಬಂದಾಕಿ ಎಂದನಲ್ಲ, ಯಾರು ಎಂದು ನಾನು ಕೇಳಲಿಲ್ಲ. ಹೂಂ ಎಂದೆ. ಮಾಮ ಫೋನ್ ಇಟ್ಟ. ಸ್ವಲ್ಪ ಹೊತ್ತಿಗೆ ಮಾಮಿ ಫೋನ್ ಮಾಡಿ ಗಾಬರಿಯಿಂದ ಒಂದು ಸುದ್ದಿ ಹೇಳಿದಳು. ಮಾಮ ಟ್ಯಾಂಕಿನ ಮುಂದೆ ನೆಲದ ಮೇಲೆ ಕೂತುಬಿಟ್ಟಿದ್ದಾನಂತೆ, ಚಹಾ ಆರುವವರೆಗೂ ಎದ್ದಿಲ್ಲವಂತೆ, ಡಾಕ್ಟರಿಗೆ ತೋರಿಸಬೇಕೇ?

ಮುಂದಿನ ಭಾನುವಾರ ಎಂದಿನಂತೆ ಕೆಂಪು ಬಾಳೆಹಣ್ಣು ಹಿಡಿದುಕೊಂಡು ಗಾಜಿಪುರಕ್ಕೆ ಹೋದೆ. ಬಾಗಿಲಲ್ಲಿ ಕಾಲಿಟ್ಟವಳು ಮನೆ ತಪ್ಪಿ ಬಂದೆನೆಂದು ಹಿಂದೆ ಸರಿದೆ. ಬೀದಿ ಕಿಟಕಿಯ ಕೆಳಗೆ ಆಯಿಯ ಮಂಚ ಇಲ್ಲ! ಅಲ್ಲಿ ಮಾಮನ ಕಬ್ಬಿಣದ ಕಪಾಟು ನಿಂತಿದೆ. ದೇವರ ಜಗುಲಿ ಮತ್ತು ನೀರು ತುಂಬಿದ ಆ ಟ್ಯಾಂಕು, ಇವೆರಡನ್ನು ಬಿಟ್ಟರೆ ಒಂದು ಸಾಮಾನೂ ಇದ್ದಲ್ಲಿ ಇಲ್ಲ. ಮಂಚ ಪಡಸಾಲೆಯ ನಡುವೆ ಇತ್ತು, ಅದರ ಮೇಲೆ ಆಯಿ ಉರಿಯುತ್ತ ಕೂತಿದ್ದಳು.

"ಬಾರವಾ, ನೋಡು ಬಾ! ನಿಮ್ಮ ಮಾಮಗ ತಲಿ ಕೆಟ್ಟದ. ನನ್ನ ಪೆಟ್ಟಿಗಿ ಒಂದು ಬಿಟ್ಟು ಮನಿ ಎಲ್ಲಾ ಬುಡಮ್ಯಾಲ ಮಾಡ್ಯಾನ. ಈಗ ಆ ಎದುರುಮನಿಯಾಕಿ ಎಲ್ಲಿಗಿ ಹೊಂಟಾಳ ಅಂತ ನನಗ ಹ್ಯಾಂಗ ತಿಳೀಬೇಕು?"

ಮಾಮ ಒಳಗಿಂದ ಬಂದ. ತಲೆ, ಮೀಸೆ ಎಲ್ಲ ಧೂಳು. ಬರುವಾಗ ಹೊಸ ಜಾಗದಲ್ಲಿದ್ದ ತನ್ನದೇ ಬೆತ್ತದ ಕುರ್ಚಿಗೆ ಎಡವಿದ. ಗಾಜಿನ ಆ ಕಡೆಯಿಂದ ಆಸ್ಕರ್ ನಮ್ಮೆಲ್ಲರನ್ನೂ ಕಣ್ಣು ತಿರುಗಿಸಿ ನೋಡುತ್ತಿತ್ತು.

"ಇದೇನು ಮಾಮಾ?" ಎಂದೆ.

"ಏನಿಲ್ಲ. ಇಲ್ಲಿ ಯಾವ ಜಾಗ ಯಾರದೂ ಅಲ್ಲ ಈಗ" ಎಂದ ಮಾಮ, ಮೀಸೆಯ ಧೂಳು ಒರೆಸುತ್ತ. "ಎಲ್ಲಾರೂ ಹೊಸಬರೇ. ಅವ್ವ ಹೊಸಬಳು, ಇಕಿ ಹೊಸಬಳು, ನಾನೂ ಹೊಸಬ."

ಅಡುಗೆಮನೆಯಲ್ಲಿ 'ಇಕಿ' ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದಳು. ಬೇಳೆ ಕುದಿಯುತ್ತಿತ್ತು. ಅಷ್ಟು ವರ್ಷ ಕಣ್ಣು ಮುಚ್ಚಿ ಕೈ ಚಾಚಿದ ಮಾಮಿ ಈಗ ಕಣ್ಣು ಬಿಟ್ಟು ಹುಡುಕುತ್ತಿದ್ದಳು. ನನ್ನನ್ನು ಕಂಡು, "ಉಪ್ಪು ಎಲ್ಲದ ನೋಡು ಬಾರವಾ, ನನಗೂ ಗೊತ್ತಿಲ್ಲ" ಎಂದಳು. ಆಮೇಲೆ ದನಿ ತಗ್ಗಿಸಿ, "ಅತ್ತಿ ಬೈತಾರ ಅಂತ ಮನಸಿಗಿ ಹಚ್ಕೋಬ್ಯಾಡ. 'ಮೊದಲ ನನ್ನ ಮಂಚ ಎತ್ರಿ' ಅಂದವರೂ ಅವರೇ" ಎಂದಳು.

ನಾನು ಹಲಗೆಯ ಮುಂದೆ ನಿಂತು ಉಪ್ಪು ಹುಡುಕಿದೆ. ಕಣ್ಣು ಮಂಜಾಗಿ ಡಬ್ಬಿಗಳು ಕಾಣಲೊಲ್ಲವು. ಕೊನೆಗೆ ಸಿಕ್ಕಿತು, ಸಕ್ಕರೆಯ ಹಿಂದೆ. ಬೇಳೆಗೆ ಹಾಕಿ, ಡಬ್ಬಿಯನ್ನು ಒಲೆಯ ಪಕ್ಕ, ನನ್ನ ಕೈಗೆ ಎಟುಕುವ ಕಡೆ ಇಟ್ಟೆ. ಮಾಮಿ ಅದನ್ನು ಸರಿಸಲಿಲ್ಲ.

ಆ ವಾರವೇ ಕಮಲಾಪುರದ ಕೋಣೆಯ ಬೀಗದ ಕೈ ಕೊಟ್ಟು, ಎರಡೂ ಸೂಟ್‌ಕೇಸು ಹಿಡಿದು ಬಂದೆ. ಪಡಸಾಲೆಯಲ್ಲಿ ನಿಂತು, "ಇವನ್ನು ಎಲ್ಲಿಡಲಿ?" ಎಂದು ಕೇಳಿದೆ. ಆಯಿ ಮಾಮಿಯನ್ನು ನೋಡಿದಳು, ಮಾಮಿ ಮಾಮನನ್ನು ನೋಡಿದಳು, ಮಾಮ ಸುತ್ತಲೂ ನೋಡಿದ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.